ಮೂರನೇ ಗಾಡಿಯ ಮೂವತ್ತೊಂದು ಗಂಟೆ

ಮೀಟರಿನ ಮುಳ್ಳು ಎಲ್ಲೂ ತಡವರಿಸಲಿಲ್ಲ.

ಆಕ್ಸಿಲರೇಟರ್ ಪೆಡಲ್ಲನ್ನು ಅಂಗೈಯಿಂದ ಮೆಲ್ಲಗೆ ಒತ್ತುತ್ತ ಹೋದಳು ಮೀಟರಕ್ಕ. ಮುಳ್ಳು ಸೊನ್ನೆಯಿಂದ ಎದ್ದು, ಒಂದಿಷ್ಟೂ ಕುಲುಕದೆ ಮೇಲೇರಿತು. ಬಿಟ್ಟಳು. ಅಷ್ಟೇ ನಯವಾಗಿ ಇಳಿಯಿತು. ಹತ್ತು ಸಲ ಒತ್ತಿದಳು, ಹತ್ತು ಸಲವೂ ಅದೇ. ಎಲ್ಲಾದರೂ ಒಂದು ಕಡೆ, ಒಂದೇ ಒಂದು ಕಡೆ ಮುಳ್ಳು ಎಗರಿಬಿದ್ದಿದ್ದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಒಂಬತ್ತು ದಿನದ ಹಿಂದೆ ಸರಕು ಎತ್ತುವ ಇದೇ ಮೂರನೇ ನಂಬರಿನ ಫೋರ್ಕ್‌ಲಿಫ್ಟ್ ಗಾಡಿ ಇದೇ ಗೋದಾಮಿನಲ್ಲಿ ಸ್ಟೋರ್‌ಕೀಪರನ್ನು ಕಬ್ಬಿಣದ ಕಪಾಟಿಗೆ ಒತ್ತಿ ಕೊಂದಿತ್ತು. ‘ಗಾಡಿ ತಾನಾಗಿಯೇ ನುಗ್ಗಿತು’ ಎಂದ ಚಾಲಕ ಈಗ ಜೈಲಿನಲ್ಲಿದ್ದ. ಆ ಚಾಲಕ ಮೀಟರಕ್ಕನ ತಂಗಿಯ ಗಂಡ.

“ಅಕ್ಕೋ, ಒಂದು ಗಂಟೆಗೆ ಟ್ರೈಲರ್ ಬರುತ್ತೆ,” ಎಂದ ವಾಚ್‌ಮನ್, ಬಾಗಿಲಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಲ್ಲಿಂದಲೇ. “ಬಾಡಿಗೆ ಕಂಪನಿಯೋರು ಗಾಡಿ ವಾಪಸ್ ತಗೊಂಡು ಹೋಗ್ತಾರೆ. ಆಮೇಲೆ ನೀವು ತಲೆ ಕೆಳಗೆ ಮಾಡಿ ನಿಂತ್ರೂ ಸಿಗಲ್ಲ.”

“ಈಗ ಎಷ್ಟು?”

“ಒಂಬತ್ತೂ ಮುಕ್ಕಾಲು.”

ಪೊಲೀಸರ ಕಡೆಯ ತಜ್ಞ ಬಂದು, ನೋಡಿ, ‘ಯಂತ್ರದಲ್ಲಿ ದೋಷವಿಲ್ಲ’ ಎಂದು ಒಂದು ಸಾಲು ಬರೆದು ಹೋಗಿದ್ದ. ಆ ಒಂದು ಸಾಲಿಗೆ ಗಾಡಿಯ ಬಿಡುಗಡೆಯಾಗಿತ್ತು, ಮನುಷ್ಯ ಸಿಕ್ಕಿಬಿದ್ದಿದ್ದ. ಮ್ಯಾನೇಜರರ ಕೋಣೆಯ ಮುಂದೆ ಮೂರು ದಿನ ಕಾದು ಕೂತು, ಕೊನೆಗೆ ಈ ಅರ್ಧ ದಿನದ ಅನುಮತಿಯನ್ನು ಕಿತ್ತುಕೊಂಡು ಬಂದಿದ್ದಳು ಮೀಟರಕ್ಕ. ಬ್ಯಾಟರಿ ಗಾಡಿಗಳ ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದವಳು ಅವಳು. ಕೊರಳಿಗೆ ಮೀಟರ್ ನೇತುಹಾಕಿಕೊಂಡು ಓಡಾಡುವ ಅವಳ ನಿಜವಾದ ಹೆಸರು ಏನೆಂದು ಅಕ್ಕಪಕ್ಕದ ಹತ್ತು ಗೋದಾಮುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ.

ಬೆಳಗ್ಗೆಯಿಂದ ಒಂದೊಂದಾಗಿ ನೋಡುತ್ತ ಬಂದಿದ್ದಳು. ನಲವತ್ತೆಂಟು ವೋಲ್ಟಿನ ಬ್ಯಾಟರಿ ಗಟ್ಟಿಯಾಗಿತ್ತು. ಬ್ಯಾಟರಿಯಿಂದ ಗಾಡಿಯ ಮೈಗೆ ಕರೆಂಟು ಸೋರುತ್ತಿರಲಿಲ್ಲ. ಚಾಲಕ ಎದ್ದರೆ ಗಾಡಿಯನ್ನು ನಿಲ್ಲಿಸುವ ಸೀಟಿನಡಿಯ ಸ್ವಿಚ್ಚು, ಕೂತಾಗ ‘ಟಿಕ್’ ಎಂದು ಹಿಡಿದು ಎದ್ದಾಗ ‘ಟಿಕ್’ ಎಂದು ಬಿಡುತ್ತಿತ್ತು. ಮುಂದೆ ಹಿಂದೆ ಮಾಡುವ ಹಿಡಿಯ ವೈರುಗಳು ಎಲ್ಲೂ ಒಂದಕ್ಕೊಂದು ತಾಗಿರಲಿಲ್ಲ. ಬ್ಯಾಟರಿಯ ಕರೆಂಟನ್ನು ಕಂಟ್ರೋಲರಿಗೆ ಬಿಡುವ ದಪ್ಪ ಕಾಂಟ್ಯಾಕ್ಟರಿನ ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು ನೋಡಿದಳು. ತಾಮ್ರದ ತುದಿಗಳು ಸುಟ್ಟು ಅಂಟಿಕೊಂಡಿದ್ದರೆ ಬೀಗದ ಕೈ ತೆಗೆದರೂ ಗಾಡಿ ಜೀವಂತವಾಗಿಯೇ ಇರುತ್ತದೆ. ಅಂಥ ಒಂದು ಗಾಡಿ ಗೋಡೆ ಒಡೆದು ಆಚೆ ಹೋದದ್ದನ್ನು ಅವಳೇ ಕಂಡಿದ್ದಳು. ಇಲ್ಲಿ ತುದಿಗಳು ಬಿಡಿಬಿಡಿಯಾಗಿ, ಸ್ವಚ್ಛವಾಗಿದ್ದವು.

ಮೂವತ್ತು ವರ್ಷ ಅವಳು ಗಾಡಿಗಳು ಸರಿ ಇರಲಿ ಎಂದೇ ಹಾರೈಸಿದವಳು. ಇವತ್ತು ಒಂದೊಂದು ಭಾಗ ‘ನಾನು ಚೆನ್ನಾಗಿದ್ದೇನೆ’ ಎಂದಾಗಲೂ ಅವಳ ಎದೆಯಲ್ಲಿ ಒಂದು ಕಲ್ಲು ಬೀಳುತ್ತಿತ್ತು. ಗಾಡಿ ಸರಿ ಇದ್ದಷ್ಟೂ ತಂಗಿಯ ಗಂಡ ಕೊಲೆಗಾರನಾಗುತ್ತಿದ್ದ.

ಗಾಡಿಯ ಎದುರಿಗೇ ಕಪಾಟು. ಬಣ್ಣದ ಡಬ್ಬಗಳನ್ನು ತೆಗೆದು ಬೇರೆ ಕಡೆ ಪೇರಿಸಿದ್ದರು. ನೆಲ ಉಜ್ಜಿ ಉಜ್ಜಿ ತೊಳೆದಿದ್ದರು. ಇಡೀ ಗೋದಾಮಿನ ನೆಲ ಟೈರುಗಳ ಕರಿ ಹಿಡಿದು ಕಂದಿದ್ದರೆ, ಆ ನಾಲ್ಕಡಿ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಮೀಟರಕ್ಕ ಅತ್ತ ಬೆನ್ನು ಮಾಡಿ ಕೂತಳು.

“ಅಕ್ಕೋ,” ವಾಚ್‌ಮನ್ ಮತ್ತೆ ಕೂಗಿದ. “ನಿಮ್ ತಂಗಿ ಬಂದವ್ರೆ. ಒಳಗೆ ಬಿಡೋ ಹಾಗಿಲ್ಲ. ಬೇಲಿ ಹತ್ರ ನಿಂತವ್ರೆ.”

ತಂಗಿ ತಂತಿಬೇಲಿಗೆ ಎರಡೂ ಕೈ ಕೊಟ್ಟು ನಿಂತಿದ್ದಳು. ಒಂಬತ್ತು ದಿನದಲ್ಲಿ ಮುಖ ಅರ್ಧವಾಗಿತ್ತು. ಅದೇ ಗೋದಾಮಿನ ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸ ಅವಳದು. ಗಂಡನನ್ನು ಹಿಡಿದುಕೊಂಡು ಹೋದ ಮೇಲೆ ‘ಸದ್ಯಕ್ಕೆ ಬರಬೇಡ’ ಎಂದಿದ್ದರು.

“ಸಿಕ್ತಾ ಅಕ್ಕ?”

“ನೋಡ್ತಾ ಇದ್ದೀನಿ.”

“ಅಂದ್ರೆ ಸಿಕ್ಕಿಲ್ಲ.”

“ಇನ್ನೂ ಕಂಟ್ರೋಲರ್ ತೆಗೆದಿಲ್ಲ ಕಣೆ. ಗಾಡಿಯ ತಲೆ ಅದು. ಹುಚ್ಚು ಹಿಡಿಯೋದಿದ್ರೆ ಅದಕ್ಕೇ ಹಿಡಿಯೋದು.”

ತಂಗಿ ಬೇಲಿಯ ತಂತಿಯನ್ನು ತಿರುಚುತ್ತ ನಿಂತಳು. “ಇವತ್ತು ಹನ್ನೆರಡಕ್ಕೆ ಅವರನ್ನ ಕೋರ್ಟಿಗೆ ಕರ್ಕೊಂಡು ಬರ್ತಾರಂತೆ. ಅಷ್ಟರೊಳಗೆ ಗಾಡೀದು ಏನಾದ್ರೂ ತಪ್ಪು ತೋರಿಸಿದ್ರೆ ಮಾತಾಡ್ತೀನಿ, ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ ಅಂದ್ರು ವಕೀಲರು. ಆ ಜಗಳ ಒಂದು ಆಗದೇ ಇದ್ದಿದ್ರೆ…”

ಆ ಜಗಳ. ಅದನ್ನು ನೆನೆದರೆ ಮೀಟರಕ್ಕನಿಗೂ ಮೈ ಉರಿಯುತ್ತಿತ್ತು. ಸ್ಟೋರ್‌ಕೀಪರ್ ಸಾಯುವ ಎರಡು ದಿನ ಮುಂಚೆ ಅವನ ಕೊರಳಪಟ್ಟಿ ಹಿಡಿದು, ‘ಇನ್ನೊಂದ್ಸಲ ಆ ಕಡೆ ಬಂದ್ರೆ ಇದೇ ಗಾಡಿ ಕೆಳಗೆ ಹಾಕ್ತೀನಿ’ ಎಂದಿದ್ದ ತಂಗಿಯ ಗಂಡ ಉದ್ದಣ್ಣ. ಹತ್ತಾರು ಜನ ಕೇಳಿಸಿಕೊಂಡಿದ್ದರು. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದವನೆಂದು ಮನೆಯಲ್ಲೂ ಕೆಲಸದಲ್ಲೂ ಅವನು ಉದ್ದಣ್ಣನೇ. ಇರುವೆಯನ್ನೂ ದಾಟಿಕೊಂಡು ಹೋಗುವ ಆಸಾಮಿ. ಜಗಳ ಯಾತಕ್ಕೆ ಎಂದು ಪೊಲೀಸರು ಕೇಳಿದರು, ವಕೀಲರು ಕೇಳಿದರು, ಮೀಟರಕ್ಕ ಜೈಲಿನ ಕಿಟಕಿಗೆ ಮುಖವಿಟ್ಟು ಕೇಳಿದಳು. ಬಾಯಿ ಹೊಲಿದುಕೊಂಡವನಂತೆ ಕೂತಿದ್ದ.

“ನಿನಗೆ ನಿಜವಾಗ್ಲೂ ಗೊತ್ತಿಲ್ವಾ, ಯಾಕೆ ಜಗಳ ಆಡಿದ್ರು ಅಂತ?”

“ಎಷ್ಟು ಸಲ ಕೇಳ್ತೀಯ ಅಕ್ಕ?” ತಂಗಿ ತಂತಿಯಿಂದ ಕೈ ತೆಗೆದಳು. “ನೀನು ಗಾಡಿ ನೋಡು. ತಪ್ಪು ಗಾಡೀದೇ. ಗಾಡೀಲೇ ಇದೆ. ಇದ್ದೇ ಇರುತ್ತೆ.”

ಅವಳನ್ನು ಅಲ್ಲೇ ಬಿಟ್ಟು ಒಳಗೆ ಬಂದಳು ಮೀಟರಕ್ಕ. ಹಿಂದಿನಿಂದ ಆ ಎರಡು ಕಣ್ಣು ಬೆನ್ನಿಗೆ ಚುಚ್ಚಿಕೊಂಡೇ ಇದ್ದವು.

ಸೀಟಿನ ಹಿಂದಿನ ತಗಡು ಬಿಚ್ಚಿದಳು. ಒಳಗೆ ಕಂಟ್ರೋಲರ್ ಕೂತಿತ್ತು, ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರದ ಕಪ್ಪು ಪೆಟ್ಟಿಗೆ. ಪೆಡಲ್ ಎಷ್ಟು ಒತ್ತಿದೆ ಎಂದು ತಿಳಿದುಕೊಂಡು ಮೋಟರಿಗೆ ಎಷ್ಟು ಕರೆಂಟು ಕೊಡಬೇಕೆಂದು ತೀರ್ಮಾನಿಸುವುದು ಇದೇ. ತನಗೇನಾದರೂ ತೊಂದರೆಯಾದರೆ ಮೈಮೇಲಿನ ಸಣ್ಣ ದೀಪವನ್ನು ಇಷ್ಟು ಸಲ ಎಂದು ಮಿಟುಕಿಸಿ ತನ್ನ ರೋಗವನ್ನು ತಾನೇ ಹೇಳುತ್ತದೆ. ಬೀಗದ ಕೈ ತಿರುಗಿಸಿದಳು. ಎರಡು ಸಲವೋ ಮೂರು ಸಲವೋ ಮಿಟುಕಲಿ ಎಂದು ಉಸಿರು ಬಿಗಿಹಿಡಿದಳು.

ಹಸಿರು ದೀಪ ಒಂದೇ ಸಮನೆ, ಒಂದೊಂದೇ ಸಲ ಮಿಟುಕುತ್ತ ಹೋಯಿತು. ಸುಖವಾಗಿದ್ದೇನೆ, ಸುಖವಾಗಿದ್ದೇನೆ, ಸುಖವಾಗಿದ್ದೇನೆ.

“ನಿನ್ ಸುಖಕ್ಕೆ ಬೆಂಕಿ ಹಾಕ,” ಎಂದಳು ಮೀಟರಕ್ಕ.

ಕೈ ಚೆಲ್ಲಿ ಎದ್ದುಬಿಡೋಣವೆನ್ನಿಸಿತು. ಆದರೆ ಏಳುವ ಮುನ್ನ ಮೂಗಿಗೆ ಏನೋ ತಾಗಿತು. ತಾಗಿತು ಅನ್ನುವುದಕ್ಕಿಂತ ತಾಗಬೇಕಾದದ್ದು ತಾಗಲಿಲ್ಲ. ಹಳೆಯ ಕಂಟ್ರೋಲರಿಗೆ ಒಂದು ವಾಸನೆ ಇರುತ್ತದೆ, ಬಿಸಿಯಾಗಿ ಬಿಸಿಯಾಗಿ ಒಣಗಿದ ಧೂಳಿನ ವಾಸನೆ. ಇದಕ್ಕೆ ಅದಿರಲಿಲ್ಲ. ಟಾರ್ಚು ಹತ್ತಿರ ಹಿಡಿದಳು. ಸುತ್ತಲಿನ ತಗಡಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಪೆಟ್ಟಿಗೆಯ ಮೇಲೆ ತೆಳ್ಳನೆಯ ಪೊರೆ ಮಾತ್ರ. ಪೆಟ್ಟಿಗೆಯ ಬಿಸಿ ತಗಡಿಗೆ ಇಳಿಯಲೆಂದು ಅಡಿಗೆ ಹಚ್ಚುವ ಬಿಳಿ ಅಂಟು ಅಂಚಿನಲ್ಲಿ ಉಕ್ಕಿ ಬಂದಿತ್ತು. ಉಗುರಿನಲ್ಲಿ ಒತ್ತಿದಳು. ಮೆತ್ತಗಿತ್ತು. ವರ್ಷಗಟ್ಟಲೆ ಆಗಿದ್ದರೆ ಸುಣ್ಣದ ಹಾಗೆ ಉದುರಬೇಕಿತ್ತು.

ಚೀಲದಿಂದ ಟೀವಿ ರಿಮೋಟಿನಂಥ ಯಂತ್ರ ತೆಗೆದು ಕಂಟ್ರೋಲರಿನ ಕಿವಿಗೆ ಸಿಕ್ಕಿಸಿದಳು. ಪೆಟ್ಟಿಗೆಯ ಹೊಟ್ಟೆಯಲ್ಲಿರುವುದನ್ನೆಲ್ಲ ಓದಿ ಹೇಳುವ ಯಂತ್ರ ಅದು. ಹಳೆಯ ದೋಷಗಳ ಪಟ್ಟಿಯಲ್ಲಿ ಏನೂ ಇರಲಿಲ್ಲ. ಇನ್ನೂ ಕೆಳಗೆ ಇಳಿದಳು. ಕಂಟ್ರೋಲರ್ ಇದುವರೆಗೆ ಎಷ್ಟು ಗಂಟೆ ಕೆಲಸ ಮಾಡಿದೆ?

ಮೂವತ್ತೊಂದು.

ತಲೆಯೆತ್ತಿ ಚಾಲಕನ ಮುಂದಿದ್ದ ಗಂಟೆಯ ಮೀಟರ್ ನೋಡಿದಳು. ಹನ್ನೊಂದು ಸಾವಿರದ ಆರುನೂರ ನಲವತ್ತು.

ಹನ್ನೊಂದು ಸಾವಿರ ಗಂಟೆ ದುಡಿದ ಗಾಡಿಗೆ ಮೂವತ್ತೊಂದು ಗಂಟೆಯ ತಲೆ! ಯಾರೋ ಪೆಟ್ಟಿಗೆ ಬದಲಾಯಿಸಿದ್ದಾರೆ. ಕೆಟ್ಟದ್ದನ್ನು ಕಿತ್ತು, ಒಳ್ಳೆಯದನ್ನು ಕೂರಿಸಿ, ಆಮೇಲೆ ತಜ್ಞನ ಮುಂದೆ ಗಾಡಿಯನ್ನು ನಿಲ್ಲಿಸಿದ್ದಾರೆ. ಒಂಬತ್ತು ದಿನದಲ್ಲಿ ಮೊದಲ ಸಲ ಅವಳ ಮುಖದ ಮೇಲೆ ನಗುವಿನಂಥದ್ದು ಬಂತು.

ಬಂದಷ್ಟೇ ಬೇಗ ಹೋಯಿತು. ಈ ಗೋದಾಮಿನಲ್ಲಿ ಕಂಟ್ರೋಲರ್ ಬಿಚ್ಚಿ ಕೂರಿಸಬಲ್ಲ ಕೈ ಒಂದೇ ಇತ್ತು. ಅವಳಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದೂ ಅದೇ ಕೈ.

*

ಫೋರ್‌ಮನ್ನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕಂಡ ಕಂಡ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ವೈರುಗಳ ಚಿತ್ರ ಬರೆದು ವಿವರಿಸುವ ಚಟ ಅವರದು. ಗಂಡಸರೇ ತುಂಬಿದ್ದ ರಿಪೇರಿ ಕೊಠಡಿಗೆ ಇಪ್ಪತ್ತರ ಪ್ರಾಯದಲ್ಲಿ ಹೆದರುತ್ತ ಕಾಲಿಟ್ಟವಳನ್ನು, ‘ಕರೆಂಟಿಗೆ ಗಂಡು ಹೆಣ್ಣು ಗೊತ್ತಾಗಲ್ಲ, ಯಾರು ಮುಟ್ಟಿದ್ರೂ ಹೊಡೆಯುತ್ತೆ, ಬಾ’ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದವರು.

ಅವರ ಕೋಣೆಯಲ್ಲಿ ವೈರು ಬೆಸೆಯುವ ಸೋಲ್ಡರಿನ ಹೊಗೆಯ ವಾಸನೆ. ಕನ್ನಡಕವನ್ನು ಹಣೆಗೇರಿಸಿ ಏನೋ ಉಜ್ಜುತ್ತ ಕೂತಿದ್ದರು. ಮೀಟರಕ್ಕ ಬಾಗಿಲು ಹಾಕಿದಳು. ಚಿಲಕವನ್ನೂ ಹಾಕಿದಳು.

“ಮೇಷ್ಟ್ರೇ, ಮೂರನೇ ಗಾಡಿಯ ಕಂಟ್ರೋಲರ್ ಯಾರು ಬದಲಾಯಿಸಿದ್ದು?”

ಉಜ್ಜುತ್ತಿದ್ದ ಕೈ ನಿಂತಿತು. “ಯಾರು ಹೇಳಿದ್ರು?”

“ಅದೇ ಹೇಳ್ತು. ಹುಟ್ಟಿ ಮೂವತ್ತೊಂದು ಗಂಟೆ ಆಯ್ತಂತೆ.”

ಮೇಷ್ಟ್ರು ಹಣೆಯ ಮೇಲಿದ್ದ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು.

“ಕೋರ್ಟಿನಲ್ಲಿ ಇನ್ನೊಂದು ಗಂಟೆಗೆ ನಿಮ್ಮ ಉದ್ದಣ್ಣನನ್ನ ತಂದು ನಿಲ್ಲಿಸ್ತಾರೆ. ನೀವೇ ಗಾಡಿ ಕಲಿಸಿದ ಮನುಷ್ಯ. ನಿಮ್ಮ ಎದುರಿಗೇ ನನ್ನ ತಂಗೀನ ಕೊಟ್ಟು ಮದುವೆ ಮಾಡಿದ್ವಿ. ನೀವು ಇಲ್ಲಿ ಕೂತ್ಕೊಂಡು ಪೆಟ್ಟಿಗೆ ಬಚ್ಚಿಡ್ತೀರಾ?”

“ಬಿಟ್ಟುಬಿಡು ತಾಯಿ.”

“ಬಿಡಲ್ಲ.”

“ಹೇಳ್ತಾ ಇದ್ದೀನಿ, ಬಿಟ್ಟುಬಿಡು. ಇದನ್ನ ಕೆದಕಿದ್ರೆ ನಿನಗೇ ಒಳ್ಳೇದಾಗಲ್ಲ.”

“ನನಗೆ ಒಳ್ಳೇದಾಗಬೇಕು ಅಂತ ಬಂದಿಲ್ಲ ನಾನು. ಪೆಟ್ಟಿಗೆ ಎಲ್ಲಿ?”

ಮೇಷ್ಟ್ರು ಬಗ್ಗಿ, ಮೇಜಿನಡಿಯ ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು, ಗೋಣಿಯಲ್ಲಿ ಸುತ್ತಿದ್ದ ಗಂಟನ್ನು ಎತ್ತಿ ಅವಳ ಮುಂದಿಟ್ಟರು. “ಅವನು ಸತ್ತ ದಿನ ಸಾಯಂಕಾಲ ನಾನೇ ಬದಲಾಯಿಸಿದೆ. ಯಾಕೆ ಅಂತ ನೀನೇ ನೋಡ್ಕೋ.”

ಗೋಣಿ ಬಿಡಿಸಿದಳು. ಕರಕಲು ವಾಸನೆ ಮೂಗಿಗೆ ಬಡಿಯಿತು. ಪೆಟ್ಟಿಗೆಯ ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಒಂದು ತಾರೀಖು, ಅದರ ಕೆಳಗೆ ಸಹಿ. ರಿಪೇರಿ ಮಾಡಿದ ಪ್ರತಿ ಪೆಟ್ಟಿಗೆಯ ಮೇಲೂ ಕುಂಚ ಹಿಡಿದು ಹಾಗೆ ಬರೆಯುವುದು ಅವಳೊಬ್ಬಳೇ.

ಅದು ಅವಳದೇ ಸಹಿ.

ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಬಂದಿದ್ದ ಪೆಟ್ಟಿಗೆ. ಮೋಟರಿಗೆ ಕರೆಂಟು ಬಿಡುವ ಹನ್ನೆರಡು ಬಿಲ್ಲೆಗಳಲ್ಲಿ ಎರಡು ಸುಟ್ಟಿದ್ದವು. ಜೊತೆಯಲ್ಲಿ ಬೆಂದವು ಇವತ್ತಲ್ಲ ನಾಳೆ ಸಾಯುತ್ತವೆ, ಎಲ್ಲ ಹನ್ನೆರಡನ್ನೂ ಬದಲಾಯಿಸಬೇಕು, ಅದು ನಿಯಮ. ಆದರೆ ‘ಇವತ್ತೇ ಬೇಕು, ಗಾಡಿ ನಿಂತಿದೆ’ ಎಂದು ಒತ್ತಾಯ ಬಂದಿತ್ತು. ಎರಡನ್ನೇ ಬದಲಾಯಿಸಿ, ಕುಂಚ ಅದ್ದಿ, ಸಹಿ ಹಾಕಿ ಕಳಿಸಿದ್ದಳು.

ಸ್ಟೂಲಿನ ಮೇಲೆ ಕೂತಳು.

“ಬಿಲ್ಲೆಗಳು ಒಳಗೇ ಅಂಟ್ಕೊಂಡಿವೆ,” ಎಂದರು ಮೇಷ್ಟ್ರು, ಮೆಲ್ಲಗೆ. “ಪೆಡಲ್ ಬಿಟ್ರೂ ಕರೆಂಟು ಹೋಗಿದೆ. ಗಾಡಿ ನುಗ್ಗಿದೆ. ನೀನು ಕೋರ್ಟಿಗೆ ಇದನ್ನ ತಗೊಂಡು ಹೋಗು ಬೇಕಾದ್ರೆ. ಉದ್ದಣ್ಣ ಹೊರಗೆ ಬರ್ತಾನೆ, ನೀನು ಒಳಗೆ ಹೋಗ್ತೀಯ. ಇನ್ನು ಈ ಜನ್ಮದಲ್ಲಿ ಯಾರೂ ನಿನ್ನ ಕೈಗೆ ಒಂದು ಟಾರ್ಚ್ ಕೊಡಲ್ಲ ರಿಪೇರಿಗೆ. ಮಗಳ ಹಾಗೆ ನೋಡ್ಕೊಂಡೋನು ನಾನು. ನನಗೆ ಬೇರೆ ದಾರಿ ಕಾಣಲಿಲ್ಲ.”

ಮೀಟರಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸ್ಟೋರ್‌ಕೀಪರನ ಹೆಂಡತಿಯನ್ನು ಅವಳು ಒಂದೇ ಸಲ ನೋಡಿದ್ದಳು, ಶವಾಗಾರದ ಹೊರಗೆ, ಚಪ್ಪಲಿಯಿಲ್ಲದೆ ನಿಂತಿದ್ದವಳನ್ನು. ಆ ಹೆಂಗಸಿನ ಬರಿಗಾಲು ಕಣ್ಣ ಮುಂದೆ ಬಂತು. ತಾನು. ತನ್ನ ಆ ಒಂದು ದಿನದ ಅವಸರ. ಹೋಗಲಿ, ಇಷ್ಟಾದರೂ ಗೊತ್ತಾಯಿತಲ್ಲ. ಎದ್ದು ಈ ಪೆಟ್ಟಿಗೆ ಹೊತ್ತುಕೊಂಡು ಕೋರ್ಟಿಗೆ ಹೋಗುವುದು, ನಾನೇ ಎನ್ನುವುದು, ಮುಗಿಯಿತು.

ಏಳಲು ಹೋದವಳು ಹಾಗೇ ನಿಂತಳು. ದುಃಖ ಒಂದು ಕಡೆ ಇರಲಿ, ಮೂವತ್ತು ವರ್ಷದ ಅಭ್ಯಾಸ ಸುಮ್ಮನಿರಲಿಲ್ಲ. ಲೆಕ್ಕ ಕೂಡಿ ಬರದಿದ್ದರೆ ಅವಳಿಗೆ ಅಳುವುದಕ್ಕೂ ಬರುತ್ತಿರಲಿಲ್ಲ.

“ಹೊಸಾ ಪೆಟ್ಟಿಗೆ ಹಾಕಿದ ಮೇಲೆ ಗಾಡಿ ಯಾರು ಓಡಿಸಿದ್ರು ಮೇಷ್ಟ್ರೇ?”

“ಯಾರು ಓಡಿಸ್ತಾರೆ? ಪೊಲೀಸರ ಟೇಪು ಸುತ್ತಿತ್ತಲ್ಲ.”

“ಒಂಬತ್ತು ದಿನದಿಂದ ಗಾಡಿ ಅಲ್ಲಾಡಿಲ್ಲ?”

“ಇಲ್ಲ.”

“ಹಾಗಾದ್ರೆ ಹೊಸಾ ಪೆಟ್ಟಿಗೆ ಮೂವತ್ತೊಂದು ಗಂಟೆ ಕೆಲಸ ಮಾಡಿದ್ದು ಯಾವಾಗ?”

ಮೇಷ್ಟ್ರು ಗೋಣಿಯನ್ನು ಮತ್ತೆ ಪೆಟ್ಟಿಗೆಯ ಮೇಲೆ ಎಳೆದರು.

“ಗಾಡಿ ಓಡಿದ್ರೆ ತಾನೇ ಗಂಟೆ ಏರೋದು? ದಿನಕ್ಕೆ ಏಳೆಂಟು ಗಂಟೆ ಅಂದ್ರೂ ನಾಲ್ಕು ದಿನದ ಕೆಲಸ ಆಯ್ತು.” ಅವಳ ದನಿ ತಣ್ಣಗಾಗುತ್ತ ಬಂತು. “ಪೆಟ್ಟಿಗೆ ಬದಲಾಯಿಸಿದ್ದು ಅವನು ಸತ್ತ ದಿನ ಅಲ್ಲ. ಸಾಯೋದಕ್ಕೆ ನಾಲ್ಕು ದಿನ ಮುಂಚೆ.”

ಹೊರಗೆ ಎಲ್ಲೋ ಒಂದು ಗಾಡಿ ಹಿಂದಕ್ಕೆ ಹೋಗುತ್ತ ‘ಪೀಂ ಪೀಂ’ ಎನ್ನುತ್ತಿತ್ತು.

“ನಿನಗೆ ಇಷ್ಟೆಲ್ಲ ಕಲಿಸಬಾರದಿತ್ತು,” ಎಂದರು ಮೇಷ್ಟ್ರು.

“ಹೇಳಿ.”

“ಗಾಡಿ ಎಳೀತಾ ಇಲ್ಲ ಅಂತ ಉದ್ದಣ್ಣನೇ ಬಂದು ಹೇಳಿದ. ನೋಡ್ದೆ, ನಿನ್ನ ಪೆಟ್ಟಿಗೆ ಸತ್ತಿತ್ತು. ಅದು ನುಗ್ಗಲಿಲ್ಲ, ಯಾರಿಗೂ ಏನೂ ಮಾಡಲಿಲ್ಲ, ಮರ್ಯಾದೆಯಿಂದ ದೀಪ ಮಿಟುಕಿಸಿ ನಿಂತ್ಕೊಂಡಿತ್ತು. ಹೊಸದು ಹಾಕ್ದೆ. ರಿಜಿಸ್ಟರಿನಲ್ಲಿ ಬರೆದೂ ಇದ್ದೀನಿ. ಅದು ಪೊಲೀಸರ ಹತ್ರ ಇದೆ. ಆ ಪುಟ ಯಾರೂ ತಿರುವಿಲ್ಲ, ಅಷ್ಟೇ.”

“ಅಂದ್ರೆ ಅವತ್ತು…”

“ಅವತ್ತು ಕಂಟ್ರೋಲರ್ ಚಿನ್ನದ ಹಾಗೆ ಇತ್ತು ತಾಯಿ. ನೀನು ಹುಡುಕ್ತಿರೋ ತಪ್ಪು ಅದರಲ್ಲಿ ಇಲ್ಲ.”

ಉಸಿರಾಡಲು ಒಂದು ಕಿಟಕಿ ಸಿಕ್ಕಿತೆಂದುಕೊಂಡಿದ್ದಳು. ಅದರ ಮೇಲೂ ಗೋಡೆ ಎದ್ದಿತು. ತನ್ನ ತಪ್ಪಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಂದು ನಿಮಿಷದ ಹಿಂದೆ ಅವಳ ಕೈಯಲ್ಲಿ ಉದ್ದಣ್ಣನನ್ನು ಬಿಡಿಸುವ ಒಂದು ವಸ್ತುವಾದರೂ ಇತ್ತು. ಈಗ ಅದು ಸುಟ್ಟ ತಗಡಿನ ಡಬ್ಬಿ.

“ಮತ್ತೆ ಯಾಕೆ ಸುಳ್ಳು ಹೇಳಿದ್ರಿ? ನನ್ನ ತಲೆ ಮೇಲೆ ಒಂದು ಕೊಲೆ ಹೊರಿಸಿಬಿಟ್ರಲ್ಲ, ಕೈ ಬಂತಾ ನಿಮಗೆ?”

“ಹೊತ್ಕೊಂಡು ಮನೆಗೆ ಹೋಗ್ತೀಯ, ಇಲ್ಲಿಗೆ ನಿಲ್ಲಿಸ್ತೀಯ ಅಂದ್ಕೊಂಡೆ. ಮುಂದಕ್ಕೆ ಕೆದಕಬೇಡ ಅಂತ. ಅಷ್ಟೇ ನನ್ನ ಉದ್ದೇಶ.”

“ಮುಂದೆ ಏನಿದೆ?”

ಅವರು ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಗೋಡೆಗೇ ಹೇಳುವವರಂತೆ ಹೇಳಿದರು. “ಊಟದ ಬಿಡುವಿನ ಹೊತ್ತು. ಕಿರುಚಿದ್ದು ಕೇಳಿಸ್ತು. ಓಡಿಹೋದೆ. ಎಲ್ಲರಿಗಿಂತ ಮೊದಲು ಹೋದೋನು ನಾನು. ಆ ಮನುಷ್ಯ ಆಗಲೇ ಹೋಗಿಬಿಟ್ಟಿದ್ದ. ಉದ್ದಣ್ಣ ಗಾಡಿ ಪಕ್ಕ ನಿಂತಿದ್ದ, ಮೇಲೆ ಅಲ್ಲ, ಕೆಳಗೆ. ಬಗ್ಗಿ ಏನೋ ಮಾಡ್ತಾ ಇದ್ದ. ಹತ್ರ ಹೋಗಿ ನೋಡಿದ್ರೆ… ಸೀಟಿನ ಹಿಡಿ ಎತ್ತಿ ಸೀಟನ್ನ ಹಿಂದಕ್ಕೆ ತಳ್ತಾ ಇದ್ದ. ಪೂರ್ತಿ ಮುಂದಕ್ಕೆ ಬಂದುಬಿಟ್ಟಿತ್ತು ಸೀಟು. ನನ್ನ ನೋಡಿ ತುಟಿ ಮೇಲೆ ಬೆರಳಿಟ್ಟ. ಆ ಕಣ್ಣು ನೋಡಿದ್ದಿದ್ರೆ ನೀನೂ ಸುಮ್ಮನಾಗ್ತಿದ್ದೆ.”

ಮುಂದಕ್ಕೆ ಎಳೆದ ಸೀಟಿನಲ್ಲಿ ಉದ್ದಣ್ಣ ಕೂತರೆ ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿಕೊಳ್ಳುತ್ತದೆ. ಪೆಡಲ್ಲಿಗೆ ಕಾಲು ಎಟುಕದವರು ಮಾತ್ರ ಸೀಟನ್ನು ಅಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾರೆ.

“ಯಾರು ಮೇಷ್ಟ್ರೇ?”

“ನಾನು ಯಾರನ್ನೂ ನೋಡಿಲ್ಲ.”

“ಪ್ಯಾಕಿಂಗಿನ ಹೆಂಗಸರಿಗೆ ಹೋದ ವರ್ಷ ಗಾಡಿ ಓಡಿಸೋದು ಕಲಿಸಿದ್ರಲ್ಲ…”

“ನಾನು ಯಾರನ್ನೂ ನೋಡಿಲ್ಲ ಅಂದ್ನಲ್ಲ!” ಮೇಷ್ಟ್ರು ಕೂಗಿದರು. ಮೂವತ್ತು ವರ್ಷದಲ್ಲಿ ಅವಳ ಮೇಲೆ ಅವರು ದನಿ ಎತ್ತಿದ್ದು ಅದೇ ಮೊದಲು.

*

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಟ್ರೈಲರ್ ಒಂದು ಗಂಟೆಗೆ ಮುಂಚೆಯೇ ಬಂದು ನಿಂತಿತ್ತು. ಮೂರನೇ ಗಾಡಿಯನ್ನು ಸರಪಳಿ ಹಾಕಿ ಮೇಲಕ್ಕೆಳೆದು, ಚಕ್ರಗಳಿಗೆ ಮರದ ತುಂಡು ಕೊಡುತ್ತಿದ್ದರು. “ನಿಮ್ದು ಮುಗೀತಲ್ಲ ಅಕ್ಕ, ನೀವು ಎದ್ದು ಹೋದ್ರಲ್ಲ,” ಎಂದ ವಾಚ್‌ಮನ್. ಅವಳು ತಲೆಯಾಡಿಸಿದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಮದುವೆಯ ಫೋಟೋ ತೆಗೆಯುವಾಗ ಫೋಟೋದವನು ತಂಗಿಯ ಕಾಲಡಿಗೆ ಒಂದು ಮಣೆ ಇಟ್ಟಿದ್ದ. ಆದರೂ ಅವಳ ತಲೆ ಉದ್ದಣ್ಣನ ಎದೆಯ ಗುಂಡಿಯವರೆಗೆ ಬಂದಿತ್ತು. ‘ಇನ್ನೊಂದು ಮಣೆ ತರ್ಸೋಣ್ವಾ?’ ಎಂದು ಅವನೇ ಚುಡಾಯಿಸಿದ್ದ. ಎಲ್ಲರೂ ನಕ್ಕಿದ್ದರು. ಆ ನಗು ಈಗ ಕಿವಿಯಲ್ಲಿ ಕೇಳಿಸುತ್ತಿತ್ತು.

ಬೇಲಿಯ ಆಚೆ ತಂಗಿ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಮಡಿಲಲ್ಲಿ ಫೋನು. ಅಕ್ಕನ ಹೆಜ್ಜೆ ಕೇಳಿದರೂ ತಲೆಯೆತ್ತಲಿಲ್ಲ.

“ವಕೀಲರು ಫೋನ್ ಮಾಡಿದ್ರು,” ಎಂದಳು. “ಅವರು ಒಪ್ಕೊಂಡುಬಿಟ್ರಂತೆ ಅಕ್ಕ. ಜಡ್ಜ್ ಮುಂದೆ. ನಾನೇ ಬೇಕಂತ ಗುದ್ದಿಸಿದೆ, ಗಾಡೀಲಿ ಏನೂ ತಪ್ಪಿಲ್ಲ, ಇನ್ನು ಯಾರೂ ಗಾಡಿ ಪರೀಕ್ಷೆ ಮಾಡೋದು ಬೇಡ ಅಂದ್ರಂತೆ.”

ಮೀಟರಕ್ಕ ಬೇಲಿಯ ಈಚೆ ಅವಳೆದುರಿಗೇ ಕೂತಳು. ಚಿಕ್ಕಂದಿನಲ್ಲಿ ಇವಳ ತಲೆ ಬಾಚುತ್ತಿದ್ದದ್ದು, ಇವಳ ಸುಳ್ಳುಗಳನ್ನೆಲ್ಲ ಅಮ್ಮನ ಮುಂದೆ ತಾನು ಹೊತ್ತುಕೊಳ್ಳುತ್ತಿದ್ದದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಕೇಳದೇ ಎದ್ದು ಹೋಗಬಹುದಿತ್ತು. ಮೇಷ್ಟ್ರೂ ಅದನ್ನೇ ಬೇಡಿಕೊಂಡಿದ್ದರು.

“ಅವನು ನಿನಗೆ ಏನು ಮಾಡಿದ್ದ?” ಎಂದಳು ತೀರಾ ಸಣ್ಣ ದನಿಯಲ್ಲಿ. “ಆ ಸ್ಟೋರ್‌ಕೀಪರ್.”

ತಂಗಿ ಬೆದರಿ ನೋಡಿದಳು.

“ಸೀಟು ಮುಂದಕ್ಕೆ ಎಳ್ಕೊಂಡಿದ್ದು ನೀನು ತಾನೇ?”

ಹಿಂದೆ ಟ್ರೈಲರಿನ ಎಂಜಿನ್ ಗುಡುಗಿತು. ಗೇಟು ಕಿರ್ರೆಂದು ತೆರೆಯಿತು. ಟ್ರೈಲರ್ ಧೂಳೆಬ್ಬಿಸಿಕೊಂಡು ಅವರ ಪಕ್ಕದಲ್ಲೇ ಹಾದು, ಬೀದಿಯ ತಿರುವಿಗೆ ಹೊರಳಿತು. ಆಗ ತಂಗಿ ಬೇಲಿಯ ಸಂದಿಯಿಂದ ಬೆರಳು ತೂರಿಸಿ ಅಕ್ಕನ ಬೆರಳನ್ನು ಹಿಡಿದುಕೊಂಡಳು.

“ಅವನನ್ನ ಹೆದರಿಸೋಣ ಅಂದ್ಕೊಂಡೆ ಅಕ್ಕ. ಇನ್ನು ನನ್ನ ಹತ್ರ ಬರದೇ ಇರೋ ಹಾಗೆ. ಹತ್ತಿರ ಹೋಗಿ ನಿಲ್ಲಿಸಿಬಿಡೋಣ ಅಂತ, ಅಷ್ಟೇ. ಬ್ರೇಕ್ ಒತ್ತಿದೆ. ದೇವರಾಣೆ ಒತ್ತಿದೆ. ನೆಲಕ್ಕೆ ತಾಗೋವರೆಗೂ ಒತ್ತಿದೆ.” ಅವಳ ಬೆರಳು ಮಂಜಿನಂತೆ ತಣ್ಣಗಿತ್ತು. “ಬ್ರೇಕ್ ಇರಲೇ ಇಲ್ಲ.”

ಬ್ರೇಕ್ ನಡೆಯುವುದು ಎಣ್ಣೆಯ ಒತ್ತಡದಿಂದ, ಮೀಟರಕ್ಕನದು ಕರೆಂಟಿನ ಕೆಲಸ. ಬೆಳಗ್ಗೆಯಿಂದ ಗಾಡಿಯ ಒಂದೊಂದು ವೈರನ್ನೂ ಮುಟ್ಟಿ ನೋಡಿದವಳು ಬ್ರೇಕ್ ಪೆಡಲ್ಲಿನ ಮೇಲೆ ಒಂದೇ ಒಂದು ಸಲವೂ ಕಾಲಿಟ್ಟಿರಲಿಲ್ಲ.

ಎದ್ದು ಗೇಟಿನ ಕಡೆ ಓಡಿದಳು. ಬೀದಿಯಲ್ಲಿ ಧೂಳು ಆಗಲೇ ಇಳಿಯುತ್ತಿತ್ತು.